17 ಎಳೆಗಳ ಬ್ರಿಜಿಡ್ ಶಿಲುಬೆ: ಮಕ್ಕಳ ಕೈಗೊಂದು ಐರಿಶ್ ಹೆಣಿಗೆ

ಜನವರಿ ಮುಗಿಯುತ್ತಾ ಬಂದಂತೆ ಐರ್ಲೆಂಡಿನ ಪ್ರೈಮರಿ ಶಾಲೆಗಳಿಗೆ ಹಸಿರು ಜೊಂಡು ಹುಲ್ಲಿನ ಕಟ್ಟುಗಳು ಬರುತ್ತವೆ. ಮಕ್ಕಳು ಅದನ್ನು ಮಡಿಸಿ, ತಿರುಗಿಸಿ, ಮತ್ತೆ ಮಡಿಸಿ ಒಂದು ಶಿಲುಬೆ ಹೆಣೆಯುತ್ತಾರೆ. ನಡುವೆ ಒಂದು ಚೌಕ, ಅದರ ನಾಲ್ಕು ಬದಿಯಿಂದ ನಾಲ್ಕು ತೋಳು. ತೋಳುಗಳು ನೇರ ಎದುರುಬದುರು ಇರದೆ ಸ್ವಲ್ಪ ಸರಿದು ನಿಂತಿರುವುದರಿಂದ ನೋಡಲು ಗಿರಗಿಟ್ಲೆಯ ಹಾಗೆ ಕಾಣುತ್ತದೆ. ಫೆಬ್ರವರಿ 1ರ ಸಂತ ಬ್ರಿಜಿಡ್ ಹಬ್ಬಕ್ಕೆ ಇದನ್ನು ಮನೆಯ ಬಾಗಿಲ ಮೇಲೆ ಸಿಕ್ಕಿಸುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳ ಮಕ್ಕಳೂ ಶಾಲೆಯಿಂದ ಇದನ್ನು ಹಿಡಿದುಕೊಂಡು ಬರುತ್ತಾರೆ.

ಮಕ್ಕಳಿಗೆ ಐರಿಶ್ ಜಾನಪದದ ಏನಾದರೂ ಕೈಕೆಲಸ ಕಲಿಸಬೇಕು ಅಂದಾಗ ಸಾಮಾನ್ಯವಾಗಿ ಅಲ್ಲಿನ ಕತೆಗಳಲ್ಲಿ ಬರುವ ಲೆಪ್ರಿಕಾನ್ ಎಂಬ ಹಸಿರು ಟೋಪಿಯ ಕುಳ್ಳನ ಬೊಂಬೆ ನೆನಪಾಗುತ್ತದೆ. ಅದೂ ಚೆನ್ನ. ಆದರೆ ಈ ಶಿಲುಬೆಗೆ ಇರುವ ಗುಣವೇ ಬೇರೆ. ಇದಕ್ಕೆ ಅಂಟು ಬೇಡ, ಬಣ್ಣ ಬೇಡ, ಚಿತ್ರ ಬರೆಯಲು ಬರಬೇಕಿಲ್ಲ. ಕೈ ಮಾಡಬೇಕಾದ ಕೆಲಸ ಒಂದೇ, ಅದನ್ನೇ ಮತ್ತೆ ಮತ್ತೆ ಮಾಡುತ್ತಾ ಹೋಗಬೇಕು. ಹಾಗಾಗಿ ಕೈ ಹೆಣೆಯುತ್ತಿರುವಾಗ ಕಿವಿ ಖಾಲಿ ಇರುತ್ತದೆ. ಕತೆ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಈ ಶಿಲುಬೆ ಹುಟ್ಟಿದ ಕತೆಯಲ್ಲೂ ಹಾಗೇ ಇದೆ: ಬ್ರಿಜಿಡ್ ಮಾತಾಡುತ್ತಾ ಮಾತಾಡುತ್ತಾ ಹೆಣೆದದ್ದು. ಆದ್ದರಿಂದ ಮೊದಲು ಕತೆ ಮುಗಿಸಿ ಆಮೇಲೆ ಕ್ರಾಫ್ಟ್ ಅಂತ ಎರಡನ್ನೂ ಬೇರೆ ಮಾಡಬೇಡಿ. ಒಟ್ಟಿಗೇ ನಡೆಸಿ.

ಏನೇನು ಬೇಕು

ಐರ್ಲೆಂಡಿನಲ್ಲಿ ಬಳಸುವುದು ಜೌಗು ಗದ್ದೆಗಳಲ್ಲಿ ಬೆಳೆಯುವ ಒಂದು ಬಗೆಯ ಜೊಂಡು. ಉದ್ದಕ್ಕೆ, ದುಂಡಗೆ, ಒಳಗೆ ಬೆಂಡಿನಂಥ ಬಿಳಿ ತಿರುಳು. ಅದನ್ನು ಕುಡುಗೋಲಿನಿಂದ ಕೊಯ್ಯಬಾರದು, ಕೈಯಿಂದಲೇ ಕೀಳಬೇಕು ಅನ್ನುವುದು ಅಲ್ಲಿನ ರೂಢಿ.

ನಮ್ಮಲ್ಲಿ ಕೆರೆ ಅಂಚಿನ ಜೊಂಡು ಸಿಕ್ಕಿದರೆ ಬಳಸಬಹುದು. ಎಲ್ಲರಿಗೂ ಅದು ಸಿಗುವುದಿಲ್ಲ. ಮನೆ ಹತ್ತಿರ ತೆಂಗಿನಮರ ಇದ್ದರೆ ಹಸಿ ಗರಿ ಬಹಳ ಒಳ್ಳೆಯದು. ಒಂದೊಂದು ಎಲೆಯ ನಡುವಿನ ಕಡ್ಡಿ ತೆಗೆದು, ಉಳಿದದ್ದನ್ನು ಸುಮಾರು 1 ಸೆಂಟಿಮೀಟರ್ ಅಗಲಕ್ಕೆ ಸೀಳಿ, 30 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿಕೊಳ್ಳಿ. ಮಡಿಸಿದಾಗ ಮುರಿಯದೆ ಕೂರುತ್ತದೆ. ಒಣಗಿದ ಗರಿ ಬೇಡ, ಮಡಿಕೆಯಲ್ಲೇ ಬಿರಿಯುತ್ತದೆ. ಭತ್ತದ ಹುಲ್ಲೂ ಹಾಗೆಯೇ, ಚೆನ್ನಾಗಿ ನೆನೆಸದೆ ಮಡಿಸಲು ಹೋದರೆ ಪಟ್ ಅಂತ ಮುರಿಯುತ್ತದೆ. ಗರಿಯ ಅಂಚು ಬೆರಳನ್ನು ಸೀಳಬಹುದು. ಅದಕ್ಕೇ ಸೀಳುವ ಕೆಲಸ ದೊಡ್ಡವರೇ ಮೊದಲೇ ಮಾಡಿಟ್ಟುಕೊಳ್ಳಬೇಕು.

ನನ್ನ ಮೊದಲ ಆಯ್ಕೆ ಹಳೆಯ ವಾರಪತ್ರಿಕೆಯ ಹಾಳೆ. ಮನೆಯಲ್ಲಿ ಸಿಗುತ್ತದೆ, ದುಡ್ಡು ಬೇಡ, ಮಕ್ಕಳ ಕೈಗೆ ಮೆತ್ತಗೆ. ಎ4 ಅಳತೆಯ ಹಾಳೆಯನ್ನು ಉದ್ದಕ್ಕೆ 4 ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿದರೆ ಒಂದು ಹಾಳೆಗೆ 5 ಪಟ್ಟಿ ಬರುತ್ತವೆ. ಪ್ರತಿ ಪಟ್ಟಿಯನ್ನೂ ಉದ್ದುದ್ದ ಎರಡು ಸಲ ಮಡಿಸಿ. ಈಗ ಅದು 1 ಸೆಂಟಿಮೀಟರ್ ಅಗಲದ, ನಾಲ್ಕು ಪದರದ ಗಟ್ಟಿ ಎಳೆ. ಒಂದು ಶಿಲುಬೆಗೆ ಇಂಥ 17 ಎಳೆ ಬೇಕು. ಅಂದರೆ 4 ಹಾಳೆ ಸಾಕು, ಮೂರು ಎಳೆ ಮಿಗುತ್ತವೆ. ಹಸಿರು ಬಣ್ಣದ ಪುಟಗಳನ್ನು ಹುಡುಕಿ ತೆಗೆಯುವ ಕೆಲಸ ಮಕ್ಕಳಿಗೆ ಬಿಡಿ, ಅದೇ ಅವರಿಗೆ ಅರ್ಧ ಆಟ.

ಐದಾರು ವರ್ಷದ ಮಕ್ಕಳಾದರೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಪೈಪ್ ಕ್ಲೀನರ್, ಅದೇ ಉಣ್ಣೆ ಸುತ್ತಿದ ತಂತಿ, ಸುಲಭ. ಮಡಿಸಿದ ಕಡೆ ಹಾಗೇ ನಿಲ್ಲುತ್ತದೆ, ಜಾರುವುದಿಲ್ಲ. ಅವರಿಗೆ 9 ಸಾಕು. ತಂತಿಯ ತುದಿ ಮಾತ್ರ ಚುಚ್ಚುತ್ತದೆ, ಕೊಡುವ ಮೊದಲು ಒಳಕ್ಕೆ ಬಗ್ಗಿಸಿ ಕೊಡಿ. ಪ್ಲಾಸ್ಟಿಕ್ ಸ್ಟ್ರಾ ಬೇಡ. ಅದು ಮಡಿಸಿದ ಕೂಡಲೇ ಮತ್ತೆ ಬಿಚ್ಚಿಕೊಳ್ಳುತ್ತದೆ, ಮಕ್ಕಳಿಗೆ ಬೇಜಾರಾಗುತ್ತದೆ.

ಇನ್ನು ಬೇಕಾದದ್ದು 4 ರಬ್ಬರ್ ಬ್ಯಾಂಡ್, ಸ್ವಲ್ಪ ಉಲ್ಲನ್ ದಾರ, ಒಂದು ಕತ್ತರಿ, ಪ್ರತಿ ಮಗುವಿಗೆ ಒಂದು ಬಟ್ಟೆ ಕ್ಲಿಪ್ಪು. ಕ್ಲಿಪ್ಪು ಯಾಕೆ ಅಂತ ಮುಂದೆ ಹೇಳುತ್ತೇನೆ.

ಕತೆ ಹೇಳುವವರಿಗೆ

ಹೆಣೆಯುವಾಗ ಮಕ್ಕಳು ಕೇಳುವ ಮೊದಲ ಪ್ರಶ್ನೆ, ಬ್ರಿಜಿಡ್ ಅಂದರೆ ಯಾರು? ಎರಡು ಉತ್ತರಗಳಿವೆ, ಎರಡನ್ನೂ ಹೇಳಬೇಕು. ಕ್ರೈಸ್ತರಿಗೆ ಆಕೆ ಕಿಲ್ಡೇರ್ ಎಂಬ ಊರಿನಲ್ಲಿ ಮಠ ಕಟ್ಟಿದ ಸನ್ಯಾಸಿನಿ. ಪ್ಯಾಟ್ರಿಕ್, ಕೋಲಂಬಾ ಜೊತೆಗೆ ಐರ್ಲೆಂಡನ್ನು ಕಾಯುವ ಮೂವರು ಸಂತರಲ್ಲಿ ಒಬ್ಬಳು. ಕ್ರೈಸ್ತಧರ್ಮ ಬರುವುದಕ್ಕೂ ಮೊದಲು ಅದೇ ಹೆಸರಿನ ಒಬ್ಬ ದೇವತೆ ಅಲ್ಲಿ ಇದ್ದಳು. ಸಾವಿರ ವರ್ಷಕ್ಕೂ ಹಳೆಯದಾದ ಕಾರ್ಮಾಕ್‌ನ ನಿಘಂಟಿನಲ್ಲಿ ಆಕೆ ದಗ್ದಾ ಎಂಬ ದೇವರ ಮಗಳು, ಕವಿಗಳು ಪೂಜಿಸುತ್ತಿದ್ದ ದೇವತೆ. ಅದೇ ಹೆಸರಿನ ಇಬ್ಬರು ಅಕ್ಕತಂಗಿಯರೂ ಇದ್ದರಂತೆ. ಒಬ್ಬಳು ವೈದ್ಯಕ್ಕೆ, ಇನ್ನೊಬ್ಬಳು ಕಮ್ಮಾರಿಕೆಗೆ. ಆ ಫೆಬ್ರವರಿ 1 ಕೂಡ ಹಳೆಯ ಇಂಬೋಲ್ಕ್ ಹಬ್ಬದ ದಿನ, ಅಲ್ಲಿನ ಲೆಕ್ಕದಲ್ಲಿ ವಸಂತದ ಮೊದಲ ದಿನ. ಹೀಗೆ ದೇವತೆ ಮತ್ತು ಸಂತ ಇಬ್ಬರೂ ಒಂದೇ ದಿನದಲ್ಲಿ, ಒಂದೇ ಹೆಸರಿನಲ್ಲಿ ಸೇರಿಕೊಂಡಿದ್ದಾರೆ. ಮಕ್ಕಳಿಗೆ ಇದು ಗೊಂದಲ ಆಗುತ್ತದೆ ಅಂತ ಒಂದನ್ನು ಬಿಟ್ಟುಬಿಡಬೇಡಿ. ಅವರಿಗೆ ಇಂಥದ್ದು ನಮಗಿಂತ ಬೇಗ ಅರ್ಥವಾಗುತ್ತದೆ.

ಹೆಣೆಯುತ್ತಾ ಹೇಳಬೇಕಾದ ಕತೆ ಇದು. ಕಿಲ್ಡೇರ್ ಹತ್ತಿರ ಒಬ್ಬ ಪಾಳೆಯಗಾರ ಸಾಯುವ ಸ್ಥಿತಿಯಲ್ಲಿ ಮಲಗಿದ್ದ. ಜ್ವರ ತಲೆಗೇರಿ ಏನೇನೋ ಬಡಬಡಿಸುತ್ತಿದ್ದ. ಯಾರ ಮಾತನ್ನೂ ಕೇಳುವ ಸ್ಥಿತಿ ಇರಲಿಲ್ಲ. ಮನೆಯವರು ಬ್ರಿಜಿಡ್‌ಗೆ ಹೇಳಿ ಕಳಿಸಿದರು. ಆಕೆ ಬಂದು ಹಾಸಿಗೆ ಪಕ್ಕ ಕೂತಳು. ಆಗಿನ ಮನೆಗಳಲ್ಲಿ ನೆಲ ಬೆಚ್ಚಗಿರಲಿ, ಚೊಕ್ಕಟವಾಗಿರಲಿ ಅಂತ ಜೊಂಡು ಹರಡುತ್ತಿದ್ದರು. ಬ್ರಿಜಿಡ್ ಬಗ್ಗಿ ನೆಲದಿಂದ ಒಂದೆರಡು ಎಳೆ ಎತ್ತಿಕೊಂಡು, ಏನೂ ಹೇಳದೆ ಮಡಿಸತೊಡಗಿದಳು. ಆ ಬೆರಳುಗಳ ಕೆಲಸ ನೋಡುತ್ತಾ ಅವನ ಬಡಬಡಿಕೆ ನಿಂತಿತು. “ಏನದು?” ಅಂತ ಕೇಳಿದ. ಆಕೆ ಹೆಣೆಯುತ್ತಲೇ ಶಿಲುಬೆಯ ಕತೆ ಹೇಳಿದಳು. ಅವನು ಸಮಾಧಾನವಾಗಿ ಕೇಳಿದ. ಸಾಯುವ ಮೊದಲು ಆಕೆಯ ಧರ್ಮಕ್ಕೆ ಸೇರಿದ ಅನ್ನುತ್ತದೆ ಕತೆ. ಕೆಲವರು ಹೇಳುವ ಕತೆಯಲ್ಲಿ ಆ ಪಾಳೆಯಗಾರ ಬ್ರಿಜಿಡ್‌ನ ತಂದೆಯೇ.

ಸಾವಿನ ಮಾತು ಬರುತ್ತದೆ ಅಂತ ಹಿಂಜರಿಯಬೇಡಿ, ಇದ್ದದ್ದನ್ನು ಇದ್ದಹಾಗೆ ಹೇಳಿ. ಆದರೆ “ಏನದು?” ಅನ್ನುವ ಪ್ರಶ್ನೆಯನ್ನು ಮಾತ್ರ ಮಕ್ಕಳ ಕೈಯಲ್ಲಿ ನಾಲ್ಕು ತೋಳು ಮೂಡುವವರೆಗೆ ಕಾದಿಡಿ. ಮುಂದಿನ ಹಂತಗಳಲ್ಲಿ ಅದು ಐದನೇ ಎಳೆ ಹಾಕಿದಾಗ ಬರುತ್ತದೆ. ಅಷ್ಟರವರೆಗೆ ಅವರಿಗೂ ತಮ್ಮ ಕೈಯಲ್ಲಿ ಏನಾಗುತ್ತಿದೆ ಅಂತ ಗೊತ್ತಾಗಿರುವುದಿಲ್ಲ. ಥಟ್ಟನೆ ಆಕಾರ ಕಾಣುವುದೂ, ಕತೆಯಲ್ಲಿ ಪ್ರಶ್ನೆ ಬರುವುದೂ ಒಟ್ಟಿಗೇ ಆಗಬೇಕು.

ಹೆಣೆಯುವುದು

ಒಂದು ಮಾತು ಮೊದಲೇ ಒಪ್ಪಿಕೊಳ್ಳೋಣ. ಅರ್ಧಕ್ಕೆ ಮಡಿಸಿದ ಎಳೆಗೆ ಎರಡು ‘ಕಾಲು’ ಇರುತ್ತವೆ. ಮಡಿಕೆ ಒಂದು ಕಡೆ, ಕಾಲುಗಳು ಇನ್ನೊಂದು ಕಡೆ.

1. ಒಂದು ಎಳೆಯನ್ನು ಮಡಿಸದೆ ನೆಟ್ಟಗೆ ಹಿಡಿಯಿರಿ. ಒಂದು ತುದಿ ಆಕಾಶಕ್ಕೆ, ಇನ್ನೊಂದು ನೆಲಕ್ಕೆ. ಇದೊಂದೇ ಕೊನೆಯವರೆಗೂ ಮಡಿಸದೆ ಉಳಿಯುವ ಎಳೆ.

2. ಎರಡನೇ ಎಳೆಯನ್ನು ಅರ್ಧಕ್ಕೆ ಮಡಿಸಿ. ಮೊದಲನೆಯದರ ಸರಿಯಾಗಿ ನಡುವಿಗೆ, ಎಡಗಡೆಯಿಂದ ಸಿಕ್ಕಿಸಿ. ಮಡಿಕೆ ಎಡಕ್ಕೆ, ಎರಡೂ ಕಾಲು ಬಲಕ್ಕೆ ಚಾಚಿರಬೇಕು. ಒಂದು ಕಾಲು ನೆಟ್ಟಗಿನ ಎಳೆಯ ಮುಂದೆ, ಇನ್ನೊಂದು ಹಿಂದೆ.

3. ಎರಡೂ ಸೇರುವ ಜಾಗವನ್ನು ಎಡಗೈಯ ಹೆಬ್ಬೆರಳು, ತೋರುಬೆರಳಿನಿಂದ ಒತ್ತಿ ಹಿಡಿಯಿರಿ. ಈಗ ಇಡೀ ಹೆಣಿಗೆಯನ್ನು ಎಡಕ್ಕೆ ಒಂದು ಸುತ್ತಿನ ನಾಲ್ಕನೇ ಒಂದು ಭಾಗದಷ್ಟು ತಿರುಗಿಸಿ. ಬಲಕ್ಕೆ ಚಾಚಿದ್ದ ಕಾಲುಗಳು ಈಗ ಮೇಲಕ್ಕೆ ನೋಡುತ್ತಿರಬೇಕು.

4. ಮೂರನೇ ಎಳೆಯನ್ನು ಮಡಿಸಿ, ಮೇಲಕ್ಕೆ ನಿಂತಿರುವ ಆ ಎರಡೂ ಕಾಲುಗಳಿಗೆ ಎಡಗಡೆಯಿಂದ ಸಿಕ್ಕಿಸಿ. ಕಾಲುಗಳು ಮತ್ತೆ ಬಲಕ್ಕೆ. ಕೆಳಕ್ಕೆ, ನಡುವಿನ ಕಡೆಗೆ ಜಗ್ಗಿ ಬಿಗಿ ಮಾಡಿ. ಒತ್ತಿ ಹಿಡಿದು ಮತ್ತೆ ಎಡಕ್ಕೆ ಅಷ್ಟೇ ತಿರುಗಿಸಿ.

5. ನಾಲ್ಕನೇ ಎಳೆ. ಈಗ ಮೇಲಕ್ಕೆ ನಿಂತಿರುವುದು ಮೂರನೇ ಎಳೆಯ ಕಾಲುಗಳು, ಜೊತೆಗೆ ಆ ಮಡಿಸದ ಮೊದಲ ಎಳೆಯ ಅರ್ಧ. ಎಲ್ಲವನ್ನೂ ಸೇರಿಸಿ ಸಿಕ್ಕಿಸಬೇಕು, ಒಂದನ್ನೂ ಹೊರಗೆ ಬಿಡಬಾರದು. ಬಿಗಿ ಮಾಡಿ, ತಿರುಗಿಸಿ.

6. ಐದನೇ ಎಳೆಯನ್ನೂ ಹಾಗೆಯೇ ಹಾಕಿ. ಈಗ ನಾಲ್ಕೂ ದಿಕ್ಕಿಗೆ ತೋಳು ಮೂಡಿರುತ್ತವೆ, ನಡುವೆ ಒಂದು ಪುಟ್ಟ ಚೌಕ ಕಾಣುತ್ತದೆ.

7. ಇಲ್ಲಿಂದ ಮುಂದೆ ಹೊಸದೇನೂ ಇಲ್ಲ. ಮಡಿಸು, ಎಡದಿಂದ ಸಿಕ್ಕಿಸು, ಬಲಕ್ಕೆ ಚಾಚು, ಒತ್ತಿ ಹಿಡಿ, ತಿರುಗಿಸು. ಎಳೆ ಮುಗಿಯುವವರೆಗೆ ಇಷ್ಟೇ.

ಎರಡು ವಿಷಯಗಳನ್ನು ಮಾತ್ರ ಕಣ್ಣಿಟ್ಟು ನೋಡಿಕೊಳ್ಳಿ. ಒಂದು, ಹೊಸ ಎಳೆ ಹಳೆಯದರ ಬೆನ್ನ ಮೇಲೆ ಹತ್ತಿ ಕೂರಬಾರದು. ಹಳೆಯದಕ್ಕೆ ಒತ್ತಿಕೊಂಡು, ನಡುವಿನಿಂದ ಹೊರಗಡೆಗೆ, ಪಕ್ಕದಲ್ಲಿ ಕೂರಬೇಕು. ಹಾಗೆ ಕೂತರೆ ಮಾತ್ರ ನಡುವಿನ ಚೌಕ ಸುತ್ತಿನಿಂದ ಸುತ್ತಿಗೆ ಚಪ್ಪಟೆಯಾಗಿ ಬೆಳೆಯುತ್ತದೆ. ಮೇಲೆ ಹತ್ತಿದರೆ ನಡುವೆ ಗಂಟು ಕಟ್ಟಿದಂತಾಗಿ ಉಬ್ಬುತ್ತದೆ. ಇನ್ನೊಂದು, ತಿರುಗಿಸುವ ದಿಕ್ಕು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆದರೆ ಒಂದು ತೋಳು ದಪ್ಪ, ಒಂದು ತೋಳು ತೆಳ್ಳಗೆ ಆಗುತ್ತದೆ. ಚಿಕ್ಕವರಿಗೆ ಎಡ ಬಲ ಅಂತ ಹೇಳುವುದಕ್ಕಿಂತ “ಈಗ ಹಾಕಿದ ಕಾಲು ಮೇಲಕ್ಕೆ ಬರಲಿ” ಅಂದರೆ ಸಾಕು, ತಪ್ಪುವುದಿಲ್ಲ.

ಎಡಗೈ ಬಳಸುವ ಮಗು ಇದ್ದರೆ ಎಲ್ಲವನ್ನೂ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಹೇಳಿಕೊಡಿ: ಬಲದಿಂದ ಸಿಕ್ಕಿಸುವುದು, ಕಾಲು ಎಡಕ್ಕೆ, ತಿರುಗಿಸುವುದು ಬಲಕ್ಕೆ. ಅಂಥ ಮಗುವನ್ನು ನಿಮ್ಮ ಪಕ್ಕ ಕೂರಿಸಿಕೊಳ್ಳಬೇಡಿ, ಎದುರಿಗೆ ಕೂರಿಸಿಕೊಳ್ಳಿ. ಆಗ ನಿಮ್ಮ ಕೈಯನ್ನೇ ನೋಡಿಕೊಂಡು ಮಾಡಬಹುದು.

ಬಟ್ಟೆ ಕ್ಲಿಪ್ಪಿನ ಕೆಲಸ ಬರುವುದು ಇಲ್ಲಿ. ಏಳೆಂಟು ಎಳೆ ಆಗುವಷ್ಟರಲ್ಲಿ ಪುಟ್ಟ ಬೆರಳುಗಳು ಸೋಲುತ್ತವೆ. ಮಗು ಒಂದು ಕ್ಷಣ ಕೈ ಬಿಟ್ಟರೂ ಎಲ್ಲ ಬಿಚ್ಚಿಕೊಳ್ಳುತ್ತದೆ. ಆಗ ಕೊನೆಯದಾಗಿ ಹಾಕಿದ ಎಳೆಯ ಕಾಲುಗಳನ್ನು ನಡುವಿನ ಹತ್ತಿರವೇ ಕ್ಲಿಪ್ಪಿನಿಂದ ಕಚ್ಚಿಸಿ ಕೆಳಗಿಡಲಿ, ನೀರು ಕುಡಿದು ಬರಲಿ. ಬಿಡಿಸಿ ಮುಂದುವರಿಸಿದರೆ ಆಯಿತು. ಎಳೆಗಳು ಸಡಿಲ ಅನಿಸಿದರೆ ಪ್ರತಿ ನಾಲ್ಕು ಎಳೆಗೆ ಒಮ್ಮೆ ನಿಲ್ಲಿಸಿ, ಒಂದೊಂದೇ ಕಾಲನ್ನು ಹಿಡಿದು ಮೆಲ್ಲಗೆ ಹೊರಕ್ಕೆ ಎಳೆಯಿರಿ. ಇಡೀ ಹೆಣಿಗೆ ಬಿಗಿಯಾಗುವುದು ಕಣ್ಣಿಗೇ ಕಾಣುತ್ತದೆ. ಮಕ್ಕಳಿಗೆ ಈ ಕೆಲಸ ತುಂಬ ಇಷ್ಟ.

ಬಣ್ಣದ ಹಾಳೆ ಬಳಸುವವರಿಗೆ ಒಂದು ಸಲಹೆ. ಮೊದಲ ಎಳೆಯನ್ನು ಬಿಟ್ಟು ಉಳಿದ 16ನ್ನು ನಾಲ್ಕು ನಾಲ್ಕರ ಗುಂಪು ಮಾಡಿ, ಗುಂಪಿಗೊಂದು ಬಣ್ಣ ಕೊಡಿ. ಒಂದು ಸುತ್ತು ಮುಗಿದಾಗ ಬಣ್ಣ ಬದಲಾಗುತ್ತದೆ. ಚೌಕದೊಳಗೆ ಚೌಕ ತಾನಾಗಿ ಮೂಡುತ್ತದೆ. ಎಲ್ಲಾದರೂ ತಪ್ಪಿದ್ದರೆ ಬಣ್ಣವೇ ಹೇಳಿಬಿಡುತ್ತದೆ, ಎಲ್ಲಿಗೆ ಬಿಚ್ಚಿ ಸರಿ ಮಾಡಬೇಕು ಅಂತ ಹುಡುಕಬೇಕಾಗಿಲ್ಲ.

ಕಟ್ಟುವುದು, ಒಣಗಿಸುವುದು

ಕೊನೆಯ ಎಳೆಯ ಕಾಲುಗಳನ್ನು ಪಕ್ಕದ ತೋಳಿಗೆ ಸೇರಿಸಿ ಹಿಡಿದುಕೊಂಡೇ ಮೊದಲ ರಬ್ಬರ್ ಬ್ಯಾಂಡ್ ಹಾಕಬೇಕು. ಇದಕ್ಕೆ ನಾಲ್ಕು ಕೈ ಬೇಕು. ಒಬ್ಬರು ಹಿಡಿಯುವುದು, ಇನ್ನೊಬ್ಬರು ಕಟ್ಟುವುದು. ಮಕ್ಕಳನ್ನು ಜೋಡಿ ಮಾಡಿಬಿಡಿ. ಬ್ಯಾಂಡನ್ನು ತೋಳಿನ ತುದಿಯಿಂದ ಎರಡು ಬೆರಳಷ್ಟು ಒಳಗೆ, ಎರಡು ಸುತ್ತು ಬಿಗಿಯಾಗಿ ಹಾಕಿ. ನಾಲ್ಕೂ ತೋಳು ಕಟ್ಟಿದ ಮೇಲೆಯೇ ಕತ್ತರಿ ಹಿಡಿಯಬೇಕು. ತುದಿಗಳನ್ನು ಸಮ ಮಾಡುವ ಈ ಕೆಲಸ ದೊಡ್ಡವರು ಮಾಡಲಿ. ಕತ್ತರಿ ಬ್ಯಾಂಡಿಗೆ ತಾಗಿದರೆ ಮಗುವಿನ ಕೆಲಸವೆಲ್ಲ ಬಿಚ್ಚಿಹೋಗುತ್ತದೆ. ಕೊನೆಗೆ ರಬ್ಬರ್ ಬ್ಯಾಂಡ್ ಮುಚ್ಚುವಂತೆ ಉಲ್ಲನ್ ದಾರ ಸುತ್ತಿ ಗಂಟು ಹಾಕಿ.

ಹಾಳೆಯ ಶಿಲುಬೆ ಅಲ್ಲಿಗೆ ಮುಗಿಯಿತು. ತೆಂಗಿನ ಗರಿಯದು ಒಣಗಬೇಕು. ಭಾರದ ಪುಸ್ತಕದ ಕೆಳಗೆ ನೆರಳಿನಲ್ಲಿ ಎರಡು ಮೂರು ದಿನ ಇಡಿ, ಬಿಸಿಲಿಗೆ ಇಟ್ಟರೆ ಸುರುಟಿಕೊಳ್ಳುತ್ತದೆ. ಗರಿ ಒಣಗಿದಂತೆ ಕುಗ್ಗುತ್ತದೆ, ದಾರ ಮಾತ್ರ ಕಟ್ಟಿದ್ದರೆ ಸಡಿಲವಾಗಿ ಜಾರುತ್ತದೆ. ರಬ್ಬರ್ ಬ್ಯಾಂಡ್ ಜೊತೆಯಲ್ಲೇ ಕುಗ್ಗಿ ಹಿಡಿದುಕೊಳ್ಳುತ್ತದೆ. ಅದಕ್ಕೇ ದಾರದ ಒಳಗೆ ಬ್ಯಾಂಡ್ ಇರಲೇಬೇಕು. ಹಸಿರು ಹೋಗಿ ಕಂದು ಬಣ್ಣ ಬಂದಾಗ ಕೆಲವು ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ. ಐರ್ಲೆಂಡಿನ ಜೊಂಡೂ ಹಾಗೇ ಬಣ್ಣ ಬದಲಿಸುತ್ತದೆ ಅಂತ ಹೇಳಿ.

ಎಲ್ಲಿ ತೂಗುಹಾಕುವುದು? ಅಲ್ಲಿ ಬಾಗಿಲ ಮೇಲೆ, ಇಲ್ಲವೇ ಒಳಗೆ ಸೂರಿನ ತೊಲೆಗೆ ಸಿಕ್ಕಿಸುತ್ತಿದ್ದರು. ಹುಲ್ಲಿನ ಸೂರಿನ ಮನೆಗಳು, ಒಳಗೆ ಸದಾ ಉರಿಯುವ ಒಲೆ. ಮನೆಗೆ ಬೆಂಕಿ ಬೀಳದಿರಲಿ, ಹಸಿವು ಬರದಿರಲಿ ಅನ್ನುವುದು ಆ ಶಿಲುಬೆಯ ಹಿಂದಿನ ಆಸೆ. ಕೊಟ್ಟಿಗೆಗೆ ಕೆಲವು ಕಡೆ ಮೂರು ತೋಳಿನ ಬೇರೆಯದೇ ಶಿಲುಬೆ ಹಾಕುತ್ತಿದ್ದರು. ಪ್ರತಿ ವರ್ಷ ಹೊಸದು ಬರುತ್ತಿತ್ತು. ಎಷ್ಟೋ ಮನೆಗಳಲ್ಲಿ ಹಳೆಯದನ್ನೂ ತೆಗೆಯದೆ ಬಿಡುತ್ತಿದ್ದುದರಿಂದ ಸೂರಿನಡಿ ವರ್ಷ ವರ್ಷದ ಶಿಲುಬೆಗಳು ಸಾಲಾಗಿ ಉಳಿಯುತ್ತಿದ್ದವು. ಮೇಯೋ ಕೌಂಟಿಯ ಟರ್ಲೋ ಪಾರ್ಕ್‌ನಲ್ಲಿರುವ ಗ್ರಾಮಜೀವನದ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ ಹಲವು ಬಗೆಯ ಬ್ರಿಜಿಡ್ ಶಿಲುಬೆಗಳನ್ನು ಕೂಡಿಟ್ಟಿದ್ದಾರೆ. ಐರ್ಲೆಂಡಿನ ಸರ್ಕಾರಿ ಟಿವಿ 1961ರ ಡಿಸೆಂಬರ್ 31ರ ರಾತ್ರಿ ಶುರುವಾದಾಗ ತನ್ನ ಗುರುತಾಗಿ ಆರಿಸಿಕೊಂಡದ್ದೂ ಇದೇ ಶಿಲುಬೆಯನ್ನು. 2023ರಿಂದ ಈ ಹಬ್ಬಕ್ಕೆ ದೇಶದ ತುಂಬ ರಜೆ ಇದೆ. ಅಲ್ಲಿ ಒಬ್ಬ ಹೆಣ್ಣಿನ ಹೆಸರಿನಲ್ಲಿ ಸಿಕ್ಕಿದ ಮೊದಲ ಸಾರ್ವಜನಿಕ ರಜೆ ಅದು. ಹುಡುಗಿಯರಿಗೆ ಈ ಮಾತು ತಪ್ಪದೆ ಹೇಳಿ, ಹುಡುಗರಿಗೂ ಹೇಳಿ.

ಹೆಣಿಗೆ ಬೇಗ ಮುಗಿಸಿದವರಿಗೆ

ಹತ್ತು ಮಕ್ಕಳಲ್ಲಿ ಒಬ್ಬಿಬ್ಬರು ಯಾವಾಗಲೂ ಮೊದಲೇ ಮುಗಿಸಿ ಕೂರುತ್ತಾರೆ ಅಲ್ವಾ? ಅವರಿಗೆ ಬ್ರಿಜಿಡ್‌ನ ಮೇಲುಹೊದಿಕೆಯ ಕತೆ ಆಡಿಸಿ. ಮಠ ಕಟ್ಟಲು ಜಾಗ ಬೇಕು ಅಂತ ಬ್ರಿಜಿಡ್ ಲೆನ್‌ಸ್ಟರ್‌ನ ರಾಜನ ಹತ್ತಿರ ಹೋದಳು. ಅವನು ಕೊಡುವುದಿಲ್ಲ ಅಂದ. “ಹೋಗಲಿ, ನನ್ನ ಹೊದಿಕೆ ಎಷ್ಟು ಜಾಗ ಮುಚ್ಚುತ್ತದೋ ಅಷ್ಟು ಕೊಡು” ಅಂದಳು. ರಾಜ ನಕ್ಕು ಒಪ್ಪಿದ. ನಾಲ್ವರು ಗೆಳತಿಯರು ಹೊದಿಕೆಯ ನಾಲ್ಕು ಮೂಲೆ ಹಿಡಿದು ನಾಲ್ಕು ದಿಕ್ಕಿಗೆ ನಡೆದರು. ಹೊದಿಕೆ ಹಿಗ್ಗುತ್ತಾ ಹಿಗ್ಗುತ್ತಾ ಬಯಲನ್ನೆಲ್ಲ ಮುಚ್ಚಿತು. ಆ ಬಯಲೇ ಕಿಲ್ಡೇರ್ ಪಕ್ಕದ ಕರಾ ಹುಲ್ಲುಗಾವಲು ಅನ್ನುತ್ತಾರೆ. ಈಗ ಅಲ್ಲಿ ಹೆಸರಾಂತ ಕುದುರೆ ರೇಸಿನ ಮೈದಾನ ಇದೆ.

ಒಂದು ದುಪಟ್ಟಾ, ನಾಲ್ಕು ಮಕ್ಕಳು ಇದ್ದರೆ ಈ ಆಟ ಆಯಿತು. ದುಪಟ್ಟಾ ನಿಜವಾಗಿ ಹಿಗ್ಗುವುದಿಲ್ಲವಲ್ಲ, ಅದಕ್ಕೆ ಮೂಲೆಗಳಿಗೆ ಒಂದೊಂದು ಉಲ್ಲನ್ ಉಂಡೆ ಕಟ್ಟಿಕೊಡಿ. ದಾರ ಬಿಚ್ಚುತ್ತಾ ನಡೆಯಲಿ. ಅಂಗಳದಲ್ಲಾದರೆ ಎಷ್ಟು ಜಾಗ ಸಿಕ್ಕಿತು ಅಂತ ಹೆಜ್ಜೆ ಹಾಕಿ ಅಳೆಯಬಹುದು.

ಜನವರಿ 31ರ ಸಂಜೆಯೇ ಈ ಕಾರ್ಯಕ್ರಮ ಇಟ್ಟುಕೊಂಡಿದ್ದರೆ ಇನ್ನೊಂದು ಸಣ್ಣ ಕೆಲಸ ಇದೆ. ಅಂದು ರಾತ್ರಿ ಬ್ರಿಜಿಡ್ ಮನೆಮನೆಯ ಮುಂದೆ ಹಾದುಹೋಗುತ್ತಾಳೆ ಅನ್ನುವ ನಂಬಿಕೆಯಿಂದ ಒಂದು ತುಂಡು ಬಟ್ಟೆಯನ್ನು ಕಿಟಕಿಯ ಹೊರಗೆ ಅಥವಾ ಗಿಡದ ಮೇಲೆ ಹಾಕಿ ಬಿಡುತ್ತಿದ್ದರು. ಬೆಳಗ್ಗೆ ತೆಗೆದಿಟ್ಟುಕೊಂಡು ವರ್ಷವೆಲ್ಲ ತಲೆನೋವಿಗೆ, ಗಂಟಲುನೋವಿಗೆ ಕಟ್ಟಿಕೊಳ್ಳುತ್ತಿದ್ದರು. ಮಕ್ಕಳು ಒಂದು ರಿಬ್ಬನ್ ಕಿಟಕಿಗೆ ಕಟ್ಟಿ, ಮರುದಿನ ಅದನ್ನೇ ಶಿಲುಬೆ ತೂಗುಹಾಕಲು ಬಳಸಬಹುದು.

ಕೊನೆಯದು ನೋಟ್‌ಬುಕ್ಕಿನ ಕೆಲಸ. ದೊಡ್ಡ ಮಕ್ಕಳಿಗೆ, ಹತ್ತು ಹನ್ನೊಂದು ವರ್ಷದ ಮೇಲಿನವರಿಗೆ ಇದನ್ನು ಖಂಡಿತ ಕೊಡಿ. ಈ ಹಬ್ಬದ ಎಷ್ಟೋ ಸಂಗತಿಗಳು ಇವತ್ತು ನಮಗೆ ಗೊತ್ತಿರುವುದರಲ್ಲಿ ಮಕ್ಕಳದೇ ದೊಡ್ಡ ಪಾಲಿದೆ. 1935ರಲ್ಲಿ ಶುರುವಾದ ಐರಿಶ್ ಜಾನಪದ ಆಯೋಗ 1937ರಿಂದ 1939ರವರೆಗೆ ಒಂದು ಯೋಜನೆ ನಡೆಸಿತು. ಸುಮಾರು 5,000 ಪ್ರೈಮರಿ ಶಾಲೆಗಳ 50,000ಕ್ಕೂ ಹೆಚ್ಚು ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು, ಅಕ್ಕಪಕ್ಕದ ಹಿರಿಯರನ್ನು ಕೇಳಿ ಕತೆ, ಹಬ್ಬ, ಮನೆಮದ್ದು, ಆಟ, ಹೆಣಿಗೆ ಎಲ್ಲವನ್ನೂ ಬರೆದರು. ಒಟ್ಟು 7,40,000 ಪುಟಗಳಷ್ಟಾಯಿತು. ಈಗ ಅದು ದೂಖಸ್ ಎಂಬ ವೆಬ್‌ಸೈಟಿನಲ್ಲಿ ಮಕ್ಕಳ ಕೈಬರಹದಲ್ಲೇ ಓದಲು ಸಿಗುತ್ತದೆ. ಶಿಲುಬೆ ಹೇಗೆ ಹೆಣೆಯುತ್ತಿದ್ದರು, ಎಲ್ಲಿ ಸಿಕ್ಕಿಸುತ್ತಿದ್ದರು ಅನ್ನುವುದನ್ನು ಊರೂರಿನ ಮಕ್ಕಳು ಬರೆದಿಟ್ಟಿದ್ದಾರೆ. ಒಂದೆರಡು ಪುಟ ತೆರೆದು ತೋರಿಸಿ. ತಮ್ಮದೇ ವಯಸ್ಸಿನವರ ಅಕ್ಷರ ನೋಡಿದರೆ ಮಕ್ಕಳಿಗೆ ತಾವೂ ಬರೆಯಬಹುದು ಅನಿಸುತ್ತದೆ.

ಆಮೇಲೆ ಮನೆಗೆ ಹೋಗಿ ಹಿರಿಯರೊಬ್ಬರನ್ನು ಕೇಳಿ ಬರಲು ಹೇಳಿ: ನೀವು ಚಿಕ್ಕವರಿದ್ದಾಗ ಹುಲ್ಲು, ಗರಿ, ಎಲೆಗಳಿಂದ ಏನೇನು ಮಾಡುತ್ತಿದ್ದಿರಿ? ಯಾವ ಹಬ್ಬಕ್ಕೆ ಮಾಡುತ್ತಿದ್ದಿರಿ? ಯಾರು ಹೇಳಿಕೊಟ್ಟರು? ಉತ್ತರವನ್ನು ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಲಿ, ತಿದ್ದುವುದು ಬೇಡ. ಪುಟದ ಕೊನೆಗೆ ಹೇಳಿದವರ ಹೆಸರು, ವಯಸ್ಸು, ಊರು ಮೂರನ್ನೂ ಬರೆಸಿ. ಐರ್ಲೆಂಡಿನ ಮಕ್ಕಳ ನೋಟ್‌ಬುಕ್ಕುಗಳಲ್ಲೂ ಇವು ಸಿಗುತ್ತವೆ. ಯಾರ ಬಾಯಿಂದ ಯಾವ ಊರಿನ ಮಾತು ಬಂತು ಅಂತ ಇವತ್ತಿಗೂ ತಿಳಿಯುವುದು ಅದರಿಂದಲೇ.